ಉಂಡೆ ಕೊಬ್ಬರಿಯ ಮೇಲಿನ ದಾರ

ಸಂಕ್ರಾಂತಿ ಕಳೆದ ಮಾರನೇ ವಾರ ಹಳೇಬೀಡಿಗೆ, ದೊಡ್ಡಮ್ಮನ ಮನೆಗೆ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇರುವ ಮಗಳ ಬಾಣಂತನಕ್ಕೆ ಅವರು ಹೊರಟು ನಿಂತಿದ್ದರು. ನಡುಮನೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಕೂತಿದ್ದವು. ಒಂದರಲ್ಲಿ ಮಗುವಿಗೆ ಸುತ್ತಲೆಂದು ಒಗೆದು ಮಡಚಿದ ಹಳೇ ಹತ್ತಿ ಸೀರೆಗಳು. ಇನ್ನೊಂದರ ಪಕ್ಕ ಅಂಟಿನುಂಡೆಯ ಡಬ್ಬ, ತೂಕ ನೋಡುವ ಕೊಕ್ಕೆ. ದೊಡ್ಡಮ್ಮ ಟಿಕೆಟ್ಟಿನ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದರು: “ಮಗಾ, ಆ ಊರು ಎಷ್ಟು ದೂರ ಐತೆ? ಹೋಗಿ ಮುಟ್ಟೋಕೆ ಎಷ್ಟೊತ್ತು ಹಿಡೀತದೆ?”

ಪಿಯುಸಿ ಓದುವ ಮೊಮ್ಮಗ ಫೋನಿನಲ್ಲಿ ಹುಡುಕಿ ಥಟ್ಟನೆ ಹೇಳಿದ: “ಬೆಂಗಳೂರಿಂದ 13,990 ಕಿಲೋಮೀಟರ್ ಅಜ್ಜಿ, ಹದಿನೈದೂವರೆ ಗಂಟೆ.” ದೊಡ್ಡಮ್ಮ ಹಾಳೆ ಮುಂದೆ ಚಾಚಿದರು. ಬೆಂಗಳೂರು ಬಿಡುವುದು ಗುರುವಾರ ನಸುಕಿನ 3ಕ್ಕೆ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಅಲ್ಲಿ ಇಳಿಯುವುದು ಅದೇ ಗುರುವಾರ ಸಂಜೆ 4ಕ್ಕೆ. “ಇದರಲ್ಲಿ ಹದಿಮೂರೇ ಗಂಟೆ ಆಯ್ತಲ್ಲ?” ಅಂದರು. ಹೋಗಿಬಂದವರೊಬ್ಬರು ಅವರಿಗೆ “ಒಂದೂವರೆ ದಿನ ಇಟ್ಕೊಳಿ” ಎಂದಿದ್ದರಂತೆ. ಒಂದೇ ಪ್ರಯಾಣಕ್ಕೆ ಮೂರು ಲೆಕ್ಕ, ಮೂರಕ್ಕೂ ಆಧಾರವಿದೆ. ಯಾವ ಲೆಕ್ಕ ಏನನ್ನು ಅಳೆಯುತ್ತದೆ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಿನ ಎಷ್ಟೋ ಮನೆಗಳಿಂದ ಇವತ್ತು ಹೀಗೆ ತಾಯಂದಿರು ಬಾಣಂತನಕ್ಕೆಂದು ಸಮುದ್ರ ದಾಟುತ್ತಾರೆ. ಅವರಿಗಾಗಿ ಈ ಮೂರು ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಬೇಕೆನಿಸಿತು.

ಮೊದಲು ದೂರದ ಮಾತು. ಪೆಸಿಫಿಕ್ ಸಾಗರ ನಡುವೆ ಬರುವಂತೆ ಬಿಡಿಸಿದ ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡಿಪಟ್ಟಿಯಿಟ್ಟು ಗೆರೆ ಎಳೆದರೆ ಅದು ಪೂರ್ವಕ್ಕೆ ಸಾಗಿ ಪೆಸಿಫಿಕ್ ಸಾಗರವನ್ನು ಅಡ್ಡ ದಾಟುತ್ತದೆ. ಆ ಗೆರೆ ಕಣ್ಣಿಗೆ ನೇರ, ನೆಲದ ಮೇಲೆ ಸುತ್ತು. ದುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಹಾಸಿದಾಗ ಧ್ರುವಗಳ ಕಡೆಯ ಜಾಗವೆಲ್ಲ ಹಿಗ್ಗಿಬಿಡುತ್ತದೆ. ಅಲ್ಲಿ ಕೂಡಿಕೊಳ್ಳುವ ಹತ್ತಿರದ ದಾರಿಗಳು ಪಟದಲ್ಲಿ ದೂರವಾಗಿ ಕಾಣುತ್ತವೆ.

ಇದನ್ನು ಬಾಯಲ್ಲಿ ಹೇಳಿದರೆ ದೊಡ್ಡಮ್ಮನಿಗೆ ಹಿಡಿಸುವಂತಿರಲಿಲ್ಲ. ಅಟ್ಟದಿಂದ ಇಳಿಸಿ ಸುಲಿದಿಟ್ಟಿದ್ದ ಉಂಡೆ ಕೊಬ್ಬರಿ ಮೂಲೆಯ ಬುಟ್ಟಿಯಲ್ಲಿತ್ತು. ಅರಸೀಕೆರೆ ಸೀಮೆಯ ಮನೆಗಳಲ್ಲಿ ಭೂಗೋಳ ಸಿಗದಿದ್ದರೂ ಉಂಡೆ ಕೊಬ್ಬರಿ ಸಿಕ್ಕೇ ಸಿಗುತ್ತದೆ. ಚೆನ್ನಾಗಿ ದುಂಡಗಿದ್ದ ಒಂದನ್ನು ಆರಿಸಿದೆ. ಅದರ ನಡುಸುತ್ತಿನಿಂದ ಸ್ವಲ್ಪ ಮೇಲೆ ಕುಂಕುಮದ ಚುಕ್ಕೆ ಇಟ್ಟೆ, ಅದು ನಮ್ಮ ಊರು. ಹಿಂಬದಿಗೆ ತಿರುಗಿಸಿ ಇನ್ನೂ ಸ್ವಲ್ಪ ಮೇಲೆ ಅರಿಶಿನದ ಚುಕ್ಕೆ ಇಟ್ಟೆ, ಅದು ಮಗಳ ಊರು. ಹೂ ಕಟ್ಟುವ ದಾರವನ್ನು ಕುಂಕುಮದಿಂದ ಹೊರಡಿಸಿ, ಕೊಬ್ಬರಿಯ ಸೊಂಟ ಬಳಸಿಕೊಂಡು ಅರಿಶಿನಕ್ಕೆ ಮುಟ್ಟಿಸಿದೆ. ಆಮೇಲೆ ಎರಡೂ ತುದಿ ದೊಡ್ಡಮ್ಮನ ಕೈಗೆ ಕೊಟ್ಟು “ಈಗ ಬಿಗಿಯಾಗಿ ಎಳೀರಿ” ಅಂದೆ. ಎಳೆಯುತ್ತಿದ್ದಂತೆ ದಾರ ಸೊಂಟ ಬಿಟ್ಟು ಮೆಲ್ಲಗೆ ನೆತ್ತಿಯ ಕಡೆಗೆ ಜಾರಿತು. ಅಲ್ಲಿ ನಿಂತಾಗ ಎರಡು ಬೆರಳಗಲದಷ್ಟು ದಾರ ಅವರ ಕೈಯಲ್ಲೇ ಉಳಿದಿತ್ತು. “ಅಯ್ಯೋ, ಮೇಲಿಂದ ಹೋದ್ರೆ ಹತ್ರ!” ಅಂದರು ದೊಡ್ಡಮ್ಮ.

ಗಣಿತದವರು ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲಿನ ಎರಡು ಜಾಗಗಳ ನಡುವೆ ಬಿಗಿಹಿಡಿದ ದಾರ ಎಲ್ಲಿ ನಿಲ್ಲುತ್ತದೋ ಅದೇ ಅತಿ ಹತ್ತಿರದ ದಾರಿ. ಫೋನು ಹೇಳಿದ 13,990 ಕಿ.ಮೀ. ಎಂದರೆ ಆ ದಾರದ ಉದ್ದ. ಆ ಹಾದಿ ಬೆಂಗಳೂರಿನಿಂದ ಉತ್ತರಕ್ಕೆ ಮುಖಮಾಡಿ ಹೊರಟು, ಮಧ್ಯ ಏಷ್ಯಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಅಂಚನ್ನು ಸವರಿ, ಅಮೆರಿಕದ ಪಶ್ಚಿಮ ಕರಾವಳಿಗೆ ಇಳಿಯುತ್ತದೆ. ಪಟದ ಅಡ್ಡಗೆರೆಯ ಮೇಲೇ ಹೋದರೆ ಸುಮಾರು 16,100 ಕಿ.ಮೀ. ಆಗುತ್ತದೆ. ದಾರ ಜಾರಿದ್ದರಿಂದ ಉಳಿದದ್ದು 2,000 ಕಿ.ಮೀ.ಗೂ ಮೇಲೆ, ಹಾಸನದಿಂದ ದೆಹಲಿಗಿರುವ ನೇರ ದೂರಕ್ಕಿಂತ ಹೆಚ್ಚು.

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಅಷ್ಟು ದಾಟಿದರೆ ಆ ಕಡೆಯಿಂದ ಬರುವುದೇ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೊ ನಮ್ಮ ಬೆನ್ನ ಹಿಂದಿನ ಊರು. ಬೆಂಗಳೂರಿಗೂ ಅದಕ್ಕೂ ರೇಖಾಂಶದ ಅಂತರ 160 ಡಿಗ್ರಿ. ಪಶ್ಚಿಮಕ್ಕೆ ಫ್ರಾಂಕ್‌ಫರ್ಟ್ ಮುಟ್ಟಿ ಹೋದರೆ ಸುಮಾರು 7,400ಕ್ಕೆ 9,150 ಕೂಡಿ 16,550 ಕಿ.ಮೀ. ಪೂರ್ವಕ್ಕೆ ಸಿಂಗಪುರ ಮುಟ್ಟಿ ಹೋದರೆ ಸುಮಾರು 3,180ಕ್ಕೆ 13,590 ಕೂಡಿ 16,770 ಕಿ.ಮೀ. ಒಂದು ಯುರೋಪಿನ ಕಡೆ, ಇನ್ನೊಂದು ಮಲಯದ ಕಡೆ. ದಿಕ್ಕು ತದ್ವಿರುದ್ಧ, ದೂರ ಹೆಚ್ಚುಕಡಿಮೆ ಸಮ. ಟಿಕೆಟ್ ಮಾಡಿಸುವಾಗ “ಅಷ್ಟು ದೂರ ಸುತ್ತಿಸ್ತಾರಾ?” ಎಂದು ಗಾಬರಿಯಾಗುವವರು ಇದನ್ನು ಗಮನಿಸಬೇಕು. ಯಾವ ಕಡೆಯಿಂದ ಹೋದರೂ ಸುತ್ತು 2,500ರಿಂದ 2,800 ಕಿ.ಮೀ., ಅಂದರೆ ಮೂರು ಗಂಟೆಯ ಹಾರಾಟ. ಅದಕ್ಕಿಂತ ಹೊತ್ತು ತಿನ್ನುವುದು ನಡುವಿನ ಕಾಯುವಿಕೆ.

ಇನ್ನು ಹೊತ್ತಿನ ಲೆಕ್ಕ. ಉದ್ದ ಹಾರುವ ದೊಡ್ಡ ವಿಮಾನಗಳ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. 13,990ನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಮೊಮ್ಮಗನ ಫೋನು ಮಾಡಿದ್ದು ಈ ಭಾಗಾಕಾರ. ಏರುವಾಗ ಇಳಿಯುವಾಗ ವೇಗ ಕಡಿಮೆ, ರನ್‌ವೇಗೆ ನಿಧಾನ ತೆವಳಬೇಕು, ಇಳಿಯಲು ಸರದಿ ಕಾಯಬೇಕು. ಭಾಗಾಕಾರದಲ್ಲಿ ಇದಾವುದೂ ಇಲ್ಲ. ಟಿಕೆಟ್ಟಿನಲ್ಲಿ ಅಚ್ಚಾಗುವ ಅವಧಿ ಗೇಟು ಬಿಟ್ಟಾಗಿನಿಂದ ಇನ್ನೊಂದು ಗೇಟು ಸೇರುವವರೆಗಿನದು. ಹಾಗಾಗಿ ಅದು ಸಾಮಾನ್ಯವಾಗಿ ಭಾಗಾಕಾರಕ್ಕಿಂತ ದೊಡ್ಡದು.

ಗಾಳಿಯೂ ಇದೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಜೆಟ್ ಗಾಳಿಗಳ ವೇಗ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ತುಂಬಿದ ಹೇಮಾವತಿಯಲ್ಲಿ ತೆಪ್ಪ ಹಾಕಿದವನಿಗೆ ಹರಿವಿನ ಜೊತೆ ಹೋಗುವುದಕ್ಕೂ ಎದುರು ಹೋಗುವುದಕ್ಕೂ ಇರುವ ವ್ಯತ್ಯಾಸ ಗೊತ್ತು. ಪೈಲಟ್‌ಗಳಿಗೂ ಅದೇ ಅನುಭವ. ಲಂಡನ್‌ನಿಂದ ಬೆಂಗಳೂರಿಗೆ ಬರುವುದಕ್ಕಿಂತ ಬೆಂಗಳೂರಿನಿಂದ ಲಂಡನ್‌ಗೆ ಹೋಗಲು ಹೆಚ್ಚು ಹೊತ್ತು ಬೇಕು. ದಾರಿ ಅದೇ 8,000 ಕಿ.ಮೀ., ಗಾಳಿ ಮಾತ್ರ ಎದುರು.

ಇದೆಲ್ಲವನ್ನೂ ಒಂದೇ ಹಾರಾಟದಲ್ಲಿ ಕಂಡದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ 9ನೇ ತಾರೀಖು ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲಿಂದ ಹಾರಿ, 11ನೇ ತಾರೀಖು ಸೋಮವಾರ ನಸುಕಿನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳೆಯರ ತಂಡ. ಪೈಲಟ್ ಕೋಣೆಯಲ್ಲಿದ್ದ ನಾಲ್ವರೂ ಹೆಣ್ಣುಮಕ್ಕಳು. ಆಕಾಶದಲ್ಲಿದ್ದದ್ದು 17 ಗಂಟೆಯಷ್ಟು. ಸುಮಾರು 16,000 ಕಿ.ಮೀ. ಹಾರಿದರೆಂದು ಆಗ ವರದಿಯಾಗಿತ್ತು. ದಾರದ ಉದ್ದ 14,000 ಇರುವಾಗ 16,000 ಏಕೆ? ವಿಮಾನ ಹಿಡಿಯುವುದು ದಾರದ ಗೆರೆಯನ್ನಲ್ಲ, ಆ ದಿನ ಇಂಧನ ಉಳಿಸುವ ಗೆರೆಯನ್ನು. ಗಾಳಿ ಜೊತೆಗಿದ್ದರೆ ಉದ್ದದ ದಾರಿಯೂ ಅಗ್ಗವಾಗುತ್ತದೆ. ಧ್ರುವದ ಮೇಲೆ ಇನ್ನೊಂದು ಎಚ್ಚರ ಬೇಕು. ವಿಮಾನದ ಇಂಧನ ಮೈನಸ್ 40ರಿಂದ 47 ಡಿಗ್ರಿಯ ಆಸುಪಾಸು ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಟ್ಯಾಂಕಿನೊಳಗಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಆ ನಾಲ್ವರು ಹಾರಬೇಕಿತ್ತು.

ನೆಲದ ಮೇಲಿನ ಜಗಳಗಳೂ ಆಕಾಶದ ದಾರಿಯನ್ನು ಬಾಗಿಸುತ್ತವೆ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್‌ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಪ್ರಯಾಣ ಹದಿಮೂರು ಗಂಟೆಯಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕೆಂದು ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು, ನಡುವಿನ ಹೊತ್ತು ಬೆಳೆಯಿತು.

ಇನ್ನು ದೊಡ್ಡಮ್ಮನ ಟಿಕೆಟ್ಟಿನ ಹದಿಮೂರು ಗಂಟೆ. ಇದು ಗಡಿಯಾರದ ಲೆಕ್ಕ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಇದರ ರುಚಿ ನೋಡಲು ಅಮೆರಿಕದವರೆಗೆ ಹೋಗಬೇಕಿಲ್ಲ. ಹಳೇಬೀಡು ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, ಎರಡೂ 13.2 ಡಿಗ್ರಿ ಉತ್ತರ. ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತು ಮೂಡಲಿಗೆ ಮುಖಮಾಡಿ ಒಂದೇ ನೇರಕ್ಕೆ ನಡೆದರೆ ರನ್‌ವೇ ಹತ್ತಿರ ಹೋಗಿ ಸೇರಬಹುದು. ನಡುವೆ ಹಕ್ಕಿ ಹಾರುವ ದೂರ ಸುಮಾರು 186 ಕಿ.ಮೀ. ರನ್‌ವೇ ಮೇಲೆ ಹುಟ್ಟಿದ ಸೂರ್ಯ ಹಳೇಬೀಡಿನ ನಂದಿಯ ಮೇಲೆ ಬೀಳಲು ಏಳು ನಿಮಿಷ ತಗೊಳ್ಳುತ್ತಾನೆ. ಎರಡು ಕಡೆಯೂ ಗಡಿಯಾರ ಮಾತ್ರ ಒಂದೇ ಹೊತ್ತು ತೋರಿಸುತ್ತದೆ, ದೇಶಕ್ಕೆಲ್ಲ ಒಂದೇ ಸಮಯ ಸಾಕೆಂದು ನಾವು ಒಪ್ಪಿಕೊಂಡಿರುವುದರಿಂದ. ಆ ಸಮಯ 82.5 ಡಿಗ್ರಿ ರೇಖಾಂಶದ್ದು. ಅದರ ಪ್ರಕಾರ ಹಳೇಬೀಡಿನ ನೆತ್ತಿಗೆ ಸೂರ್ಯ ಬರುವುದು ವರ್ಷದ ಸರಾಸರಿಯಲ್ಲಿ ಹನ್ನೆರಡು ಗಂಟೆಯ ಮೇಲೆ 26 ನಿಮಿಷಕ್ಕೆ.

ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ದೊಡ್ಡಮ್ಮ ಅಲ್ಲಿ ಇಳಿಯುವ ಸಂಜೆ 4ಕ್ಕೆ ಹಳೇಬೀಡಿನಲ್ಲಿ ಶುಕ್ರವಾರ ಬೆಳಗಿನ ಐದೂವರೆ. ಹಾಗಾಗಿ ಟಿಕೆಟ್ಟಿನ ಹದಿಮೂರಕ್ಕೆ ಹದಿಮೂರೂವರೆ ಕೂಡಿಸಬೇಕು, ಇಪ್ಪತ್ತಾರೂವರೆ ಗಂಟೆ. ಅವರ ಆ ಗುರುವಾರ ಮೂವತ್ತೇಳೂವರೆ ಗಂಟೆಯ ಗುರುವಾರ. ಬರುವಾಗ ಇದಕ್ಕೆ ತಿರುವುಮುರುವು. 2021ರ ಆ ವಿಮಾನದಲ್ಲಿ ಶನಿವಾರ ರಾತ್ರಿ ಹತ್ತಿದವರು ಸೋಮವಾರ ಇಳಿದರು, ಭಾನುವಾರವನ್ನು ಆಕಾಶದಲ್ಲೇ ಕಳೆದುಕೊಂಡರು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಈ ಮಾತನ್ನು ಹಗುರವಾಗಿ ತಗೊಳ್ಳಬಾರದು. “ಬೆಳಿಗ್ಗೆ ಒಂದು, ರಾತ್ರಿ ಒಂದು” ಎನ್ನುವುದು ಮೂವತ್ತೇಳೂವರೆ ಗಂಟೆಯ ದಿನಕ್ಕೆ ಹೊಂದುವುದಿಲ್ಲ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಕೂತು, ಎಷ್ಟು ಗಂಟೆಗೊಮ್ಮೆ ಎಂದು ಬರೆಸಿಕೊಳ್ಳಬೇಕು. ಮಾತ್ರೆಯ ಡಬ್ಬಿ ಕೈಚೀಲದಲ್ಲೇ ಇರಬೇಕು.

ಉಳಿದದ್ದು ಮೂರನೆಯ, ಆ ಒಂದೂವರೆ ದಿನದ ಲೆಕ್ಕ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹಿಂದಿನವರು ದೂರವನ್ನು ಹೊತ್ತಿನಲ್ಲೂ ದಣಿವಿನಲ್ಲೂ ಅಳೆಯುತ್ತಿದ್ದರು. ಹತ್ತಿರವಾದರೆ ಕೂಗಳತೆ, ಅದಕ್ಕಿಂತ ದೂರವಾದರೆ ಹರದಾರಿ, ಇನ್ನೂ ದೂರಕ್ಕೆ ಗಾವುದ. 1310ರ ನವೆಂಬರಿನಲ್ಲಿ ದೆಹಲಿ ಬಿಟ್ಟ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ದಂಡು ನಮ್ಮ ದ್ವಾರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ಬಾಗಿಲಿಗೆ ಬಂದದ್ದು 1311ರ ಫೆಬ್ರವರಿಯಲ್ಲಿ, ಮೂರು ತಿಂಗಳಿಗೆ. ಆ ದೂರವನ್ನು ಇವತ್ತಿನ ವಿಮಾನ ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ. ಹಳೇಬೀಡಿನಿಂದ ಬೇಲೂರಿಗಿರುವ 16 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಒಂದು ನಿಮಿಷ. ಹಳೇಬೀಡಿನಿಂದ ದೇವನಹಳ್ಳಿಗೆ ಹನ್ನೆರಡು ಹದಿಮೂರು ನಿಮಿಷ.

ಆದರೆ ದೊಡ್ಡಮ್ಮ ಹಳೇಬೀಡಿನಿಂದ ದೇವನಹಳ್ಳಿಗೆ ಹೋಗಬೇಕಾದ್ದು ನೆಲದ ಮೇಲೆ. ಬುಧವಾರ ಸಂಜೆ 5ಕ್ಕೆ ಮನೆ ಬಿಟ್ಟು, ದಾರಿಯಲ್ಲಿ ಊಟಕ್ಕೆ ನಿಂತು, ಬೆಂಗಳೂರಿನ ವಾಹನಗಳ ನಡುವೆ ನುಸುಳಿ ನಿಲ್ದಾಣ ಸೇರಲು ಆರು ಗಂಟೆ. ಅಲ್ಲಿ ಲಗೇಜು, ತಪಾಸಣೆ, ಕಾಯುವಿಕೆ ಸೇರಿ ನಾಲ್ಕು. ಫ್ರಾಂಕ್‌ಫರ್ಟ್‌ಗೆ ಹತ್ತು. ಅಲ್ಲಿ ಕಾಯುವುದು ಐದು. ಮುಂದಕ್ಕೆ ಹನ್ನೊಂದೂವರೆ. ಇಳಿದ ಮೇಲೆ ವಲಸೆ ವಿಭಾಗದ ಸಾಲು, ಪೆಟ್ಟಿಗೆ, ಮಗಳ ಮನೆಯವರೆಗಿನ ಕಾರು, ಎರಡೂವರೆ. ಕೂಡಿಸಿದರೆ 39 ಗಂಟೆ. ಆಕಾಶದಲ್ಲಿ ಇಪ್ಪತ್ತೊಂದೂವರೆ, ನೆಲದ ಮೇಲೆ ಹದಿನೇಳೂವರೆ. 16,550 ಕಿ.ಮೀ.ಗೆ ಇಪ್ಪತ್ತೊಂದೂವರೆ ಗಂಟೆ ಸಾಕಾದರೆ, ಈ ಬದಿಯ ಇನ್ನೂರು ಚಿಲ್ಲರೆ ಕಿ.ಮೀ.ಗೇ ಆರು ಗಂಟೆ ಬೇಕಾಯಿತು. ಫೋನಿನ ಲೆಕ್ಕ ಶುರುವಾಗುವುದು ರನ್‌ವೇಯಿಂದ, ನಮ್ಮವರ ಪ್ರಯಾಣ ಶುರುವಾಗುವುದು ಹೊಸ್ತಿಲಿನಿಂದ.

ಈ ಅಂತರವನ್ನು ನಮ್ಮ ಸೀಮೆಯವರೊಬ್ಬರು ಬಹಳ ಹಿಂದೆಯೇ ಕಂಡಿದ್ದರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯದಿಂದ ಮರಳಿ ಬಂದಾಗ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನ ನೀರಿಗೆ ಹೋಗಿತ್ತು. ಬದಲಿಗೆ ಸಿಕ್ಕ ಬರಡು ನೆಲ ಇದ್ದದ್ದು ಜಾವಗಲ್ ಹತ್ತಿರ, ಅರಸೀಕೆರೆ ತಾಲ್ಲೂಕಿನಲ್ಲಿ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವವರಿಗೆ ಜಾವಗಲ್ ದಾರಿಯಲ್ಲೇ ಸಿಗುತ್ತದೆ. ಆ ನೆಲದಲ್ಲಿ ತೆಂಗು, ರೇಷ್ಮೆ ಬೆಳೆದ ರೈತ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಮೊದಲ ವಿಮಾನ ಹಾರಿಸಿದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ. ದೊಡ್ಡ ನಗರಗಳ ನಡುವೆ ಮಾತ್ರ ಓಡಾಡುತ್ತಿದ್ದ ವಿಮಾನವನ್ನು ಸಣ್ಣ ಊರಿನವರ ಹತ್ತಿರಕ್ಕೆ ತರಬೇಕೆಂಬ ಹಟ ಅವರದು. ಆ ಸಂಸ್ಥೆ ಮುಂದೆ ಬೇರೆಯವರ ಕೈಗೆ ಹೋಯಿತು. ಜಾವಗಲ್ಲಿನ ತೋಟದಿಂದ ಎದ್ದ ಆ ಪ್ರಶ್ನೆ ಇನ್ನೂ ಉಳಿದಿದೆ: ಮನೆಯಿಂದ ನಿಲ್ದಾಣದವರೆಗಿನ ದೂರವನ್ನು ಕಡಿಮೆ ಮಾಡುವವರು ಯಾರು?

ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಮಾತು ವರ್ಷಗಳಿಂದ ಇದೆ. ಅದು ಆಗಲಿ. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳೂ ಇವೆ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ದೇವನಹಳ್ಳಿಗೆ ಹೋಗುತ್ತದೆ. ಅರಸೀಕೆರೆ ಹುಬ್ಬಳ್ಳಿ, ಹಾಸನ, ಬೆಂಗಳೂರು ದಾರಿಗಳು ಕೂಡುವ ಜಂಕ್ಷನ್. ಇಲ್ಲಿಂದ ಹೊರಡುವವರಿಗೆ ನಡುರಾತ್ರಿಯ ವಿಮಾನಗಳ ಹೊತ್ತಿಗೆ ಹೊಂದುವಂತೆ ಯಶವಂತಪುರದಲ್ಲಿ ರೈಲಿಳಿದ ಕೂಡಲೇ ಸಿಗುವ ಬಸ್ಸು, ಪೆಟ್ಟಿಗೆ ಇಡಲು ಜಾಗ, ವಯಸ್ಸಾದವರಿಗೆ ಒಂದು ಕೈಯಾಸರೆ, ಇಷ್ಟಿದ್ದರೆ ಆರು ಗಂಟೆ ನಾಲ್ಕಕ್ಕೆ ಇಳಿದೀತು. ವಿಮಾನವನ್ನು ಇನ್ನಷ್ಟು ವೇಗವಾಗಿ ಓಡಿಸುವುದು ನಮ್ಮ ಕೈಯಲ್ಲಿಲ್ಲ, ಇದು ನಮ್ಮ ಕೈಯಲ್ಲಿದೆ.

ಮನೆಯವರು ಮಾಡಬಹುದಾದ್ದೂ ಇದೆ. ತಾಯಿಗೆ ಟಿಕೆಟ್ ಮಾಡಿಸುವ ಮಕ್ಕಳು ಒಟ್ಟು ದೂರ ನೋಡುವ ಬದಲು ನಡುವೆ ಕಾಯುವ ಹೊತ್ತು ನೋಡಲಿ. ಒಂದೂವರೆ ಗಂಟೆಯ ಬಿಡುವು ಹುಡುಗರಿಗೆ ಸರಿ, ಮಂಡಿನೋವಿನವರಿಗೆ ಓಟವಾಗುತ್ತದೆ. ಹತ್ತು ಗಂಟೆಯ ಬಿಡುವು ಜೀವ ಹಿಂಡುತ್ತದೆ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ, ಮೊದಲನೆಯದು ತಡವಾದರೆ ಮುಂದಿನದರ ಹೊಣೆ ಸಂಸ್ಥೆಯದೇ ಆಗುತ್ತದೆ. ಗಾಲಿಕುರ್ಚಿಯನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ, ಅದರಲ್ಲಿ ಸಂಕೋಚವೇನೂ ಬೇಡ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು, ನೀರು ಕುಡಿಯಲು ಅವರಿಗೆ ಹೇಳಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು.

ನಾನು ಇಷ್ಟನ್ನೂ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಎಲ್ಲೆಲ್ಲಿ ಎಷ್ಟು ಹೊತ್ತು, ಆಗ ಹಳೇಬೀಡಿನಲ್ಲಿ ಎಷ್ಟು ಗಂಟೆ, ಯಾವ ಮಾತ್ರೆ. ಕೈಗಡಿಯಾರವನ್ನು ಮಗಳ ಮನೆ ಸೇರುವವರೆಗೂ ತಿರುಗಿಸಬೇಡಿ ಎಂದೆ. ದೊಡ್ಡಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಅಲ್ಲಿ ಗುರುವಾರ ರಾತ್ರಿ ಏಳು. “ಮುಟ್ಟಿದೆ ಕಣಪ್ಪ. ನೀನು ಬರೆದಂಗೇ ಮೂವತ್ತೊಂಬತ್ತು ಗಂಟೆ. ಗಡಿಯಾರ ಇನ್ನೂ ನಮ್ಮೂರದ್ದೇ ಐತೆ” ಅಂದರು. ಹಿಂದೆ ಕೂಸು ಅಳುವುದು ಕೇಳುತ್ತಿತ್ತು. ಆಮೇಲೆ ಕೇಳಿದರು: “ಕೆರೆ ಮೇಲೆ ಬಿಸಿಲು ಬಂತಾ? ಇಲ್ಲಿಗೆ ಎಷ್ಟೊತ್ತಿಗೆ ಬರ್ತದೆ ಅದು?”

ಲೆಕ್ಕ ಹಾಕಿ ಹೇಳಿದೆ. ದ್ವಾರಸಮುದ್ರದ ಕೆರೆಯ ನೆತ್ತಿಗೆ ಬಂದ ಸೂರ್ಯ ಪಡುವಲಿಗೆ ಹೊರಟು ಅವರ ಮನೆಯ ನೆತ್ತಿಗೆ ಮುಟ್ಟಲು ಹದಿಮೂರೂ ಕಾಲು ಗಂಟೆ. “ಹಂಗಾದ್ರೆ ನಾಳೆ ಇಲ್ಲಿ ಬಿಸಿಲು ಬಂದಾಗ ಕೂಸಿಗೆ ಎಣ್ಣೆ ನೀರು ಹಾಕ್ತೀನಿ” ಎಂದು ಫೋನಿಟ್ಟರು. ಮೊಮ್ಮಗ ಆ ಉಂಡೆ ಕೊಬ್ಬರಿಯನ್ನು ಬುಟ್ಟಿಗೆ ಹಾಕಲು ಬಿಟ್ಟಿಲ್ಲ. ಕುಂಕುಮ, ಅರಿಶಿನ, ನಡುವೆ ಬಿಗಿದ ದಾರ, ಎಲ್ಲ ಹಾಗೇ ಇದೆ ಅವನ ಮೇಜಿನ ಮೇಲೆ.